ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಮುಗಿಯದ ಮಹಾಯುದ್ಧ

“ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿ ನವೆಂಬರ್ ಹನ್ನೊಂದರಂದು, ಬೆಳಗಿನ ಹನ್ನೊಂದು ಗಂಟೆಗೆ, ಮೊದಲ ಮಹಾಯುದ್ಧ ಮುಕ್ತಾಯವಾಯಿತು.” ಪಠ್ಯಪುಸ್ತಕಗಳು ಇಷ್ಟು ಹೇಳಿ ಪುಟ ತಿರುಗಿಸುತ್ತವೆ. ಲೋಕವೆಲ್ಲ ನಂಬಿದೆ. ಅಮೆರಿಕದ ಮಿಷಿಗನ್ ರಾಜ್ಯದ ಸ್ಟರ್ಲಿಂಗ್ ಹೈಟ್ಸ್‌ನ ಒಂದು ಮನೆ ಮಾತ್ರ ನಂಬಿಲ್ಲ. ಅಲ್ಲಿರುವ ನನ್ನ ಹೆಂಡತಿಯ ಅಣ್ಣ ಆ ಯುದ್ಧವನ್ನು ಇನ್ನೂ ಮುಗಿಯಗೊಟ್ಟಿಲ್ಲ!

ನಾನು ಕಾಲೇಜಿನ ಮುಖ ಕಾಣದವನು. ನಮ್ಮೂರು ಡೆಸ್ ಪ್ಲೇನ್ಸ್‌ನ ಗ್ರಂಥಾಲಯದ ಕುರ್ಚಿಯೇ ನನ್ನ ವಿಶ್ವವಿದ್ಯಾಲಯ. ಅಚ್ಚಾದದ್ದನ್ನೆಲ್ಲ ಸತ್ಯವೆಂದು ಒಪ್ಪುವ ಅಭ್ಯಾಸ ನನಗೂ ಇಲ್ಲ. ಆದರೂ ಭಾವ ಮಂಡಿಸಿದ ಮೊದಲ ಸಾಕ್ಷ್ಯವನ್ನು ಕಂಡು ನಾನೇ ತತ್ತರಿಸಿದೆ. ಅದು ಪಂಚಾಂಗ!

“ಅವತ್ತು ಸೋಮವಾರ ಕಣ್ರೀ. ಹತ್ತೂವರೆಯಿಂದ ಹನ್ನೆರಡರ ತನಕ ಯಮಗಂಡ ಕಾಲ. ಅಂಥಾ ಹೊತ್ತಲ್ಲಿ ಯಾರಾದ್ರೂ ಸಂಧಾನ ಇಟ್ಕೋತಾರಾ?”

“ಭಾವ, ಫ್ರಾನ್ಸಿನವರ ಹತ್ರ ಪಂಚಾಂಗ ಎಲ್ಲಿತ್ತು?”

“ಅದಕ್ಕೇ ಇಪ್ಪತ್ತು ವರ್ಷಕ್ಕೆ ಇನ್ನೊಂದು ಯುದ್ಧ ಬಂತು ನೋಡಿ!”

ಎರಡನೆಯ ಸಾಕ್ಷ್ಯ ಅವರ ವೃತ್ತಿಯದು. ನಿವೃತ್ತರಾಗುವ ತನಕ ಕಾರಿನ ಕಾರ್ಖಾನೆಯಲ್ಲಿ ಬ್ರೇಕ್ ಪರೀಕ್ಷೆ ಮಾಡಿದವರು ಭಾವ. ಬ್ರೇಕ್ ಒತ್ತಿದ ಕ್ಷಣಕ್ಕೂ ಗಾಡಿ ನಿಂತ ಕ್ಷಣಕ್ಕೂ ನಡುವೆ ಎಷ್ಟು ನೆಲ ಸರಿಯಿತೆಂದು ಅಳೆಯುವುದೇ ಅವರ ಕಸುಬಾಗಿತ್ತು. “ಹನ್ನೊಂದು ಗಂಟೆಗೆ ಬ್ರೇಕ್ ಒತ್ತಿದ್ರು, ಒಪ್ತೀನಿ. ಗಾಡಿ ಎಲ್ಲಿ ನಿಂತಿತು, ಅದನ್ನ ಹೇಳಿ!” ಎಂದು ಅವರು ಮೇಜು ಕುಟ್ಟುತ್ತಿದ್ದರು. ಜರ್ಮನಿಯೊಡನೆ ಅಮೆರಿಕದ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದೇ ೧೯೨೧ರಲ್ಲಿ ಎಂಬುದು ಅವರ ಬ್ರಹ್ಮಾಸ್ತ್ರ. ಮನೆಯ ಬಿಸಿ ಹೊಂದಿಸುವ ಥರ್ಮೋಸ್ಟಾಟ್‌ಗಾಗಿ ಜಗಳವಾಗಿ ತಣ್ಣಗಾದರೂ ತಮ್ಮ ಹೆಂಡತಿಗೆ ಎಚ್ಚರಿಕೆ ಕೊಡುತ್ತಿದ್ದರು: “ಇದು ಬರೀ ಕದನವಿರಾಮ. ಇನ್ನೂ ಸಹಿ ಬಿದ್ದಿಲ್ಲ.”

“ಸಹಿ ಆಮೇಲೆ ಹಾಕೋಣ, ಮೊದ್ಲು ಆ ಅವರೆಕಾಯಿ ಸುಲೀರಿ” ಎನ್ನುತ್ತಿದ್ದರು ಆಕೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಳೆದ ವರ್ಷ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನನ್ನ ಹೆಂಡತಿ ಅಣ್ಣನನ್ನು ಅಕ್ಕರೆಯಿಂದ ನಮ್ಮೂರಿಗೆ ಕರೆಸಿಕೊಂಡಳು. ಊಟಕ್ಕೆ ಮುಂಚೆ ರಸಪ್ರಶ್ನೆ. ಇಲ್ಲೇ ಹುಟ್ಟಿ ಬೆಳೆದ ನಿರೂಪಕಿ ಮಹಾಯುದ್ಧ ಮುಗಿದ ದಿನವನ್ನು ಕೇಳಿದಳು. ಕೇಳಬಾರದಿತ್ತು! ಭಾವ ಎದ್ದು ನಿಂತರು.

“ಅಂಕಲ್, ಪ್ಲೀಸ್, ಇಟ್ಸ್ ಜಸ್ಟ್ ಅ ಕ್ವಿಜ್!”

“ಜಸ್ಟ್ ಅಲ್ಲಮ್ಮ! ಹನ್ನೊಂದನೇ ತಾರೀಖು ದಾಟಿದ ಮೇಲೂ ಆಫ್ರಿಕಾದಲ್ಲಿ ಗುಂಡು ಹಾರ್ತಾ ಇತ್ತು!”

ಅವರು ಆಫ್ರಿಕಾದಿಂದ ಹಿಂದಿರುಗುವಷ್ಟರಲ್ಲಿ ಬಿಸಿಬೇಳೆಬಾತು ಗಾರೆಯಂತೆ ಗಟ್ಟಿಯಾಗಿತ್ತು. ಅದನ್ನು ಮಾಡಿದವಳು ನನ್ನ ಹೆಂಡತಿ. ಅಂದೇ ಅವಳು ಅಣ್ಣನೊಡನೆ ಮಾತು ಬಿಟ್ಟಳು. “ಹನ್ನೊಂದು ಗಂಟೆಗೆ ಮುಗೀತು ಅಂತ ಒಪ್ಕೊಳ್ಳಲಿ, ಆಮೇಲೆ ಮಾತು” ಎಂಬುದು ಅವಳ ಷರತ್ತು. ಒಡಹುಟ್ಟಿದವರಿಬ್ಬರೂ ಒಂದೇ ಹಿಟ್ಟಿನ ರೊಟ್ಟಿಗಳು, ಇಬ್ಬರೂ ಬಗ್ಗಲಿಲ್ಲ. ಮೊದಲೆಲ್ಲ ವಾರವಾರವೂ ಬರುತ್ತಿದ್ದ ಅಣ್ಣನ ಫೋನಿನ ಹೊತ್ತಿಗೆ ಈಗ ಅವಳು ಸುಮ್ಮನೆ ಅಡಿಗೆಮನೆ ಒರೆಸುತ್ತಿದ್ದಳು.

ಈ ನವೆಂಬರಿನಲ್ಲಿ ನಾನೇ ಅವಳನ್ನು ಹೇಗೋ ಹೊರಡಿಸಿಕೊಂಡು ಮಿಷಿಗನ್‌ಗೆ ಡ್ರೈವ್ ಮಾಡಿದೆ. ಬಾಗಿಲು ತೆರೆದ ಭಾವ ತಂಗಿಯ ಮುಖ ನೋಡಿದರು. ಕಾಫಿಗೂ ಕರೆಯದೆ ಕೋಟು ಹಾಕಿಕೊಂಡು, “ನಡೀರಿ, ಪಕ್ಕದೂರು ಟ್ರಾಯ್‌ನ ಸ್ಮಶಾನಕ್ಕೆ ಹೋಗಿ ಬರೋಣ” ಎಂದರು.

“ನಿಮ್ಮ ಭಾವನಿಗೆ ಹೇಳಿ,” ಎಂದಳು ಹೆಂಡತಿ ನನ್ನ ಕಡೆ ತಿರುಗಿ, “ನಾನು ತಲೆಸ್ನಾನ ಮಾಡಿ ಬಂದಿದೀನಿ!”

ಆದರೂ ಹೋದೆವು. ಹಿಂದಿನ ದಿನ ಬಿದ್ದ ಹಿಮದಲ್ಲಿ ಬಿಳಿಯ ಅಮೃತಶಿಲೆಯ ಹಿಮಕರಡಿಯೊಂದು ನಿಂತಿತ್ತು. ಸುತ್ತಲೂ ಸೈನಿಕರ ಸಮಾಧಿಗಲ್ಲುಗಳು. ಮಿಷಿಗನ್‌ನ ಹುಡುಗರನ್ನು ಆ ಯುದ್ಧಕ್ಕೆಂದು ಸೇರಿಸಿಕೊಂಡು ರಷ್ಯಾದ ಉತ್ತರ ತುದಿಗೆ ಕಳಿಸಿದ್ದರಂತೆ; ಹಿಮಕರಡಿಗಳು ಎಂದೇ ಅವರಿಗೆ ಹೆಸರು. ನವೆಂಬರ್ ಹನ್ನೊಂದರಂದೂ ಅಲ್ಲಿ ಕಾದಾಟ ನಡೆದಿತ್ತು, ಅದಾದ ಮೇಲೂ ನಡೆಯಿತು. ಭಾವ ಮಂಡಿಯೂರಿ ಒಂದು ಕಲ್ಲಿನ ಮೇಲಿನ ಹಿಮವನ್ನು ಕರವಸ್ತ್ರದಿಂದ ಒರೆಸಿದರು. ಸತ್ತ ವರ್ಷ ಕಾಣಿಸಿತು: ೧೯೧೯.

“ಯುದ್ಧ ಮುಗೀತು ಅಂತ ಡೆಟ್ರಾಯಿಟ್‌ನಲ್ಲೂ ಗಂಟೆ ಬಾರಿಸಿರ್ತಾರೆ. ಇವನ ಅಮ್ಮನೂ ಕೇಳಿರ್ತಾಳೆ. ಇನ್ನೇನು ಮಗ ಬಂದ ಅಂತ ಹಾಸಿಗೆ ಕೊಡವಿ ಹಾಕಿರ್ತಾಳೆ.”

“ಭಾವ, ತಿಳಿದವರು ರಷ್ಯಾದ್ದು ಬೇರೆ ಯುದ್ಧ ಅಂತಾರೆ,” ಎಂದೆ ನಾನು.

“ಆ ತಾಯಿಗೆ ಹೇಳಿ ನೋಡಿ, ಬೇರೆ ಯುದ್ಧ ಅಂತ!”

ನನ್ನ ಹೆಂಡತಿ ಕೈಗವಸು ಕಳಚಿ ಪಕ್ಕದ ಕಲ್ಲಿನೆದುರು ಬಗ್ಗಿದಳು.

“ಅಣ್ಣಾ,” ಎಂದಳು, “ಈ ಹುಡುಗನ ಹೆಸರೂ ಮುಚ್ಚಿಹೋಗಿದೆ. ಆ ಕರ್ಚೀಫ್ ಇಲ್ಲಿ ಕೊಡು.”

ನನ್ನ ಮಾತನ್ನು ನಂಬಬೇಡಿ. ಟ್ರಾಯ್‌ಗೆ ಹೋಗಿ ನೋಡಿ. ಕರಡಿ ಅಲ್ಲಿಯೇ ಇದೆ, ಕಲ್ಲುಗಳೂ ಇವೆ. ಹಿಮ ಬಿದ್ದಿದ್ದರೆ ಮಾತ್ರ, ಓದುವ ಮುನ್ನ ಕೈಯಿಂದ ತುಸು ಒರೆಸಬೇಕಾಗುತ್ತದೆ.