ಕಣಿವೆಯಲ್ಲಿ ಕೇಳಿದ ಹೆಸರು

ಮದುವೆಯಾಗಿ ಬಹುಕಾಲವಾದ ಗಂಡಸಿನ ಕಿವಿ ವಿಚಿತ್ರವಾದದ್ದು. ಪಕ್ಕದ ಬೀದಿಯಲ್ಲಿ ಬೋಂಡಾ ಎಣ್ಣೆಗೆ ಬಿದ್ದದ್ದು ಅದಕ್ಕೆ ಕೇಳಿಸುತ್ತದೆ; ಅಡುಗೆಮನೆಯಿಂದ ಬರುವ 'ರೀ' ಮಾತ್ರ ಕೇಳಿಸುವುದಿಲ್ಲ. ನನ್ನ ಹೆಂಡತಿ ಸರೋಜ ಗಂಡನ ಹೆಸರು ಹೇಳಬಾರದೆಂಬ ಹಳೆಯ ಪದ್ಧತಿಯವಳು. ಆಸ್ಪತ್ರೆಯಲ್ಲಿ ಕೇಳಿದರೂ ನನ್ನ ಕಡೆ ಕೈ ತೋರಿಸುತ್ತಾಳೆ. ಹೀಗಾಗಿ ಬಟವಾಡಿಯ ಮನೆಯಲ್ಲಿ ನಾನು 'ರೀ', ಶಾಲೆಯಲ್ಲಿ 'ಸಾರ್'. 'ಗಂಗಾಧರಾ...' ಎಂದು ಕೊನೆ ಎಳೆದು ಕರೆಯುತ್ತಿದ್ದವಳು ಗೂಳೂರಿನಲ್ಲಿದ್ದ ನನ್ನ ಅವ್ವ ಒಬ್ಬಳೇ. ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತು.

ಹೋದ ಚಳಿಗಾಲ ಗಂಡಿಕೋಟದ ಕಣಿವೆ ನೋಡಲು ಕಾರಿನಲ್ಲಿ ಇಬ್ಬರೇ ಹೋದೆವು. ಕೆಂಪು ಬಂಡೆಗಳನ್ನು ಇಟ್ಟಿಗೆಯಂತೆ ಪೇರಿಸಿಟ್ಟ ಎರಡು ಗೋಡೆ, ತಳದಲ್ಲಿ ಪೆನ್ನಾರ್ ನದಿ. "ನಮ್ಮ ದೇವರಾಯನದುರ್ಗದಲ್ಲಿ ಹುಟ್ಟೋ ಜಯಮಂಗಲಿ ಸೇರೋದು ಈ ನದಿಗೇ ಕಣೇ" ಎಂದು ಮೇಷ್ಟರಗಿರಿ ತೋರಿಸಿದೆ.

"ಪಾಠ ಆಮೇಲ್ ಮಾಡೀರಂತೆ, ಫೋಟೋ ತೆಗೀರಿ" ಎಂದಳು.

ಚಿತ್ರಾನ್ನ ತಿಂದ ಮೇಲೆ ನನಗೆ ಎಲ್ಲ ಕಣಿವೆಯೂ ಒಂದೇ. ಬಂಡೆಗೆ ಒರಗಿ ಕಣ್ಣು ಮುಚ್ಚಿದೆ. ಅವಳು ಫೋನ್ ಹಿಡಿದು ತಾನೇ ಫೋಟೋ ತೆಗೆಯಲು ಬಂಡೆಗಳ ಆಚೆ ಹೋದಳು.

ಎಷ್ಟು ಹೊತ್ತಾಯಿತೋ, ಜನರ ಸದ್ದೆಲ್ಲ ನಿಂತಿತ್ತು. ಗಾಳಿಯೂ ಇರಲಿಲ್ಲ. ಆಗ ಕೆಳಗಿನಿಂದ, ನೀರಿನ ಕಡೆಯಿಂದ, 'ಗಂಗಾಧರಾ...' ಎಂಬ ಹೆಂಗಸಿನ ದನಿ ಕೇಳಿತು. ಜನರಿಲ್ಲದ ಕಡೆ ಯಾರಾದರೂ ಹೆಸರು ಹಿಡಿದು ಕರೆದರೆ ಮೂರನೆಯ ಸಲದವರೆಗೆ ಓಗೊಡಬೇಡ, ದೆವ್ವಕ್ಕೆ ಮೂರನೆಯ ಸಲ ಕರೆಯಲು ಬರುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ವಿಜ್ಞಾನ ಪಾಠ ಮಾಡುವ ನಾನು ತುಟಿ ಬಿಗಿಹಿಡಿದು ಕೂತೆ. ಮತ್ತೆ ಕರೆಯಿತು, ಈ ಸಲ ಇನ್ನೂ ಹತ್ತಿರ. ಸಾಕು, ಇನ್ನು ಬೇಡ ಎಂದು ಬೇಡಿಕೊಳ್ಳುತ್ತಿರುವಾಗಲೇ ಮೂರನೆಯದೂ ಬಂತು. "ಬಂದೆ" ಎಂದು ಎದ್ದು ದನಿ ಬಂದತ್ತ ಓಡಿದೆ.

ಅಂಚಿನಲ್ಲಿ ಸರೋಜ ಜಾರಿ ಬಿದ್ದು, ಒಂದು ಕುರುಚಲು ಗಿಡದ ಬುಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕಾಲಿನ ಆಚೆ ಪಾತಾಳ. ಎಳೆದು ಈಚೆ ತಂದ ಮೇಲೆ ಇಬ್ಬರೂ ಬಹಳ ಹೊತ್ತು ಅಲ್ಲೇ ಕೂತು ಅತ್ತೆವು.

ಕಾರು ಹತ್ತಿದ ಮೇಲೆ ಅವಳನ್ನು ನಗಿಸೋಣವೆಂದು, "ಅಂತೂ ಇವತ್ತು ನನ್ನ ಹೆಸರು ಹಿಡಿದು ಕರೆದೆಯಲ್ಲೇ" ಎಂದೆ.

"ನಾನ್ಯಾಕ್ ನಿಮ್ ಹೆಸ್ರು ಹೇಳ್ಲಿ? ರೀ, ರೀ ಅಂತ ಗಂಟ್ಲು ಹರ್ಕೊಂಡೆ. ಸಾಯೋ ಟೈಮಲ್ಲೂ ಈ ಮನುಷ್ಯಂಗೆ ಕೇಳಿಸ್ತಿಲ್ವಲ್ಲಪ್ಪಾ ಅನ್ನಿಸ್ತು."

ಕಣಿವೆ ಪ್ರತಿಧ್ವನಿ ಕೊಡುತ್ತದೆಂದು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ; ತರ್ಜುಮೆಯನ್ನೂ ಮಾಡುತ್ತದೆಂದು ಗೊತ್ತಿರಲಿಲ್ಲ. ನಮ್ಮೂರಿನ ಶಿರಾ ಗೇಟ್ ದೀಪಗಳು ಕಾಣುವವರೆಗೆ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿಕೊಳ್ಳುತ್ತಲೇ ಕಾರು ಓಡಿಸಿದೆ.

ಈಗ ಮೊದಲ 'ರೀ' ಮುಗಿಯುವಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತೇನೆ. ಗಂಡನಿಗೆ ಕೊನೆಗೂ ಬುದ್ಧಿ ಬಂತೆಂದು ಸರೋಜ ಅಕ್ಕಪಕ್ಕದವರ ಮುಂದೆ ಹಿಗ್ಗುತ್ತಾಳೆ. ನಾನು ತಡಮಾಡಿದರೆ ಅವ್ವನೇ ಎಬ್ಬಿಸಲು ಬಂದಾಳೆಂಬ ಭಯ ಅವಳಿಗೇನು ಗೊತ್ತು!