ಅವ್ವನ ದಬ್ಬಳ, ನನ್ನ ಹೊಲಿಗೆ

ನಮ್ಮ ಮನೆಯಲ್ಲಿ ಏನೂ ಮುರಿಯುತ್ತಿಲ್ಲ ಎನ್ನುವುದೇ ನನ್ನ ಈಚಿನ ದೊಡ್ಡ ಚಿಂತೆ. ಮಿಕ್ಕವರ ಮನೆಯಲ್ಲಿ ನಲ್ಲಿ ಸೋರುತ್ತದೆ, ಮಂಚ ಕಿರುಗುಟ್ಟುತ್ತದೆ. ನಮ್ಮಲ್ಲಿ ಎಲ್ಲವೂ ಹಟ ಹಿಡಿದು ಗಟ್ಟಿಯಾಗಿವೆ. ಹೀಗಾದರೆ ನಾನು ಕೂಡಿಟ್ಟಿರುವ ಹಳೇ ಉಳಿ, ಇಕ್ಕಳ, ಕೈಗರಗಸಗಳ ಗತಿಯೇನು? ಬಿಡದಿಯ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ. ಅಲ್ಲಿ ಕೆಟ್ಟ ಭಾಗವನ್ನು ಯಾರೂ ರಿಪೇರಿ ಮಾಡುವುದಿಲ್ಲ. ಕಿತ್ತು ಹೊಸದು ಹಾಕುತ್ತೇವೆ. ಇಷ್ಟು ವರ್ಷ ಕಿತ್ತು ಹಾಕಿದ ಪಾಪಕ್ಕೋ ಏನೋ, ಭಾನುವಾರ ಬಂತೆಂದರೆ ರಾಮನಗರದ ಗುಜರಿ ಅಂಗಡಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತೇನೆ. ತಂದದ್ದರ ತುಕ್ಕು ಉಜ್ಜಿ, ಎಣ್ಣೆ ಹಚ್ಚಿ, ಆಮೇಲೆ ಮುರಿದ ಸಾಮಾನು ಹುಡುಕಿಕೊಂಡು ಮನೆಯೆಲ್ಲ ಸುತ್ತುತ್ತೇನೆ. ಒಮ್ಮೆ ಚೆನ್ನಾಗಿಯೇ ಇದ್ದ ಸ್ಟೂಲನ್ನು ಇನ್ನಷ್ಟು ಭದ್ರ ಮಾಡಿದೆ. ಈಗ ಅದು ಮೂರೇ ಕಾಲಿನ ಮೇಲೆ ನಿಲ್ಲುತ್ತದೆ. "ಕೆಲ್ಸ ಇಲ್ದಿರೋ ಬಡಗಿ ಮಗೀನ ಕುಂಡಿ ಕೆತ್ತಿದ್ನಂತೆ, ಅಂಗಾಯ್ತು ನಿಮ್ ಕತೆ," ಅಂದಳು ನನ್ನ ಹೆಂಡತಿ ಜಯಮ್ಮ.

ಈ ಸಂಗ್ರಹದಲ್ಲಿ ಗುಜರಿಯಿಂದ ಬಾರದ್ದು ಒಂದೇ: ಅವ್ವನ ದಬ್ಬಳ. ಗೇಣುದ್ದದ, ತುದಿ ಒಂಚೂರು ಬಾಗಿದ ದಪ್ಪ ಸೂಜಿ. ನಮ್ಮೂರು ಕೈಲಾಂಚದ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗುವ ಮುನ್ನ ಅವ್ವ ಜಗುಲಿಯಲ್ಲಿ ಕೂತು ಚಂದ್ರಂಕಿ ಹೊಲಿಯುತ್ತಿದ್ದಳು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. ಅದರ ಮೇಲೆ ಸುರುಳಿಯಾಗಿ ಸುತ್ತಿ ಹೊಲಿದ ಬಿದಿರಿನ ಪಟ್ಟಿ ಬೆಳೆಯಿಂದ ಬೆಳೆಗೆ ಬಿಚ್ಚಿಕೊಳ್ಳುತ್ತಿತ್ತು. ದಬ್ಬಳ ಕೇಳಿದರೆ ಅವ್ವ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲಿಟ್ಟು, "ಎತ್ಕೊಳ್ಳಲಾ, ಕೈಗ್ ಕೊಟ್ರೆ ಜಗಳ ಆಯ್ತದೆ," ಅನ್ನುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು. ಜಗಳವಾದರೂ ಆಗಲಿ, ಒಂದು ಸಲ ಆ ಕೈಯಿಂದ ಈ ಕೈಗೆ ಕೊಡಬಾರದಿತ್ತೇ ಎಂದು ಈಗ ಅನ್ನಿಸುತ್ತದೆ.

ಪ್ಲಾಸ್ಟಿಕ್ಕಿನವು ಬಂದ ಮೇಲೆ ಊರಿನ ಅಟ್ಟ ಸೇರಿದ್ದ ಒಂದು ಚಂದ್ರಂಕಿಯನ್ನು ಹೋದ ತಿಂಗಳು ಹೊತ್ತು ತಂದೆ. ಅದರ ಮೂಲೆಯಲ್ಲಿ ನೀಲಿ ದಾರದ ಅಂಕುಡೊಂಕು ಹೊಲಿಗೆ ಇತ್ತು. ಛೇ, ಯಾರದೋ ಅಸಡ್ಡೆ ಕೆಲಸ ಎಂದುಕೊಂಡು ಕತ್ತರಿಸಿ ಎಸೆದೆ. ಗೋಣಿ ದಾರ ಪೋಣಿಸಿ, ಅವ್ವನ ದಬ್ಬಳದಿಂದಲೇ, ಗೆರೆ ಎಳೆದ ಹಾಗೆ ಹೊಲಿದೆ. ಮಾರನೆಯ ದಿನ ಜಯಮ್ಮನನ್ನು ಕರೆದು ತೋರಿಸಿದೆ.

"ಆ ನೀಲಿ ದಾರ ಎಲ್ಲಿ? ಅತ್ತೆ ಕಡೇಲಿ ಕಣ್ಣು ಕಾಣ್ದೆ ತಡವ್ಕೊಂಡ್ ತಡವ್ಕೊಂಡ್ ಹಾಕಿದ್ದು ಕಣ್ರೀ ಅದು. ದಾರ ಪೋಣ್ಸಿ ಕೊಟ್ಟೋಳೇ ನಾನು," ಎಂದಳು.

ಕಸದ ಬುಟ್ಟಿಗೆ ಓಡಿದೆ. ಬೆಳಿಗ್ಗೆಯೇ ಗಾಡಿ ಬಂದು ಹೋಗಿತ್ತು. ಅವ್ವನ ಸೂಜಿಯನ್ನು ಜೋಪಾನವಾಗಿಟ್ಟುಕೊಂಡು ಅವ್ವನ ಕೊನೆಯ ಹೊಲಿಗೆಯನ್ನು ಕಸಕ್ಕೆ ಹಾಕಿದ್ದೆ. ಹಳೇ ತೂತುಗಳ ಮೇಲೆ ಬೆರಳಾಡಿಸುತ್ತ ಕೂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತುಬಿಟ್ಟೆ.

ಮೊನ್ನೆ ಕನಕಪುರದಿಂದ ನಮ್ಮಕ್ಕ ಬಂದಿದ್ದಳು. ಗೋಡೆಗೆ ಒರಗಿಸಿದ್ದ ಚಂದ್ರಂಕಿ ಕಂಡವಳೇ ಹೊಲಿಗೆಯ ಮೇಲೆ ಕೈಯಾಡಿಸಿ, "ನೋಡ್ಲಾ, ಕಣ್ಣು ಕಾಣ್ದೆ ಹೋದ್ರೂವೆ ನಮ್ಮವ್ವ ಎಷ್ಟು ನೀಟಾಗಿ ಹೊಲ್ದವ್ಳೆ!" ಎಂದು ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. ಜಯಮ್ಮ ನನ್ನ ಮುಖ ನೋಡಿದಳು. ನನ್ನ ರಿಪೇರಿಯನ್ನು ಜೀವಮಾನದಲ್ಲಿ ಒಬ್ಬರು ಮೆಚ್ಚಿದ್ದು ಅದೊಂದೇ ಸಲ. ಅದು ನನ್ನದೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ.