ಎರಡು ಕಾರ್ಬ್ಯುರೇಟರು ಮತ್ತು ಕಾಕಾನ ಅಂಗೈ

ನಮ್ಮ ಕಾಕಾ ಎರಡು ಕಾರ್ಬ್ಯುರೇಟರುಗಳ ಜೋಡಿ ಕೂಡಿಸಲು ಎಂಟು ತಿಂಗಳು ತೆಗೆದುಕೊಂಡ. ತನ್ನ ಮದುವೆಗೆ ಹೆಣ್ಣು ನೋಡಲು ಎಂಟು ನಿಮಿಷವನ್ನೂ ತೆಗೆದುಕೊಂಡಿರಲಿಲ್ಲ! ಈ ಮಾತನ್ನು ಅವನ ಹೆಂಡತಿ, ನಮ್ಮ ಕಾಕು, ಮನೆಗೆ ಬಂದವರಿಗೆಲ್ಲ ಚಹಾದ ಜೊತೆಗೇ ಕೊಡುತ್ತಿದ್ದಳು.

ಬೈಲಹೊಂಗಲದಲ್ಲಿ ಅವನದು ಲಾರಿ ರಿಪೇರಿಯ ಶೆಡ್ಡು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಹತ್ತಿ ಹೇರಿಕೊಂಡು ಬಂದ ಲಾರಿಗಳು ಶೆಡ್ಡಿನ ಮುಂದೆ ಸಾಲುಗಟ್ಟಿದ್ದರೆ, ಇವನು ಹೋಗಿ, ಹಳೆಯ ವಾಡೆಯೊಂದರ ಮೂಲೆಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಕೆಂಪು ವಿಲಾಯತಿ ಸ್ಪೋರ್ಟ್ಸ್ ಕಾರಿಗೆ ಎತ್ತು ಹೂಡಿ ಎಳೆಸಿಕೊಂಡು ಬಂದ. ಇಬ್ಬರಿಗಷ್ಟೇ ಜಾಗ. ಮೂರನೆಯವನು ಬೇಕಾದರೆ ಹಿಂದೆ ಓಡಿ ಬರಬೇಕು. ಇಂಜಿನ್ ಒಡೆದಿತ್ತು. ಅದರ ಜಾಗದಲ್ಲಿ ಹಳೆಯ ಟ್ಯಾಕ್ಸಿಯೊಂದರ ದೊಡ್ಡ ಇಂಜಿನ್ ಕೂರಿಸಿದ. ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬ್ಯುರೇಟರು ಅದಕ್ಕೆ ಒಂದೇ ಸಾಕಿತ್ತು. ಕಾಕಾ ಕೇಳಬೇಕಲ್ಲ? ಒಂದೇ ಸಾಕು ಎಂದವರಿಗೆಲ್ಲ ಹೇಳುತ್ತಿದ್ದ:

“ಎರಡು ಮೂಗಿಲೆ ಉಸರಾಡಿದ ಗಾಡಿ ಇದು. ನಿನ್ನ ಮೂಗು ಒಂದು ಮುಚ್ಚಿದ್ರ ಸುಮ್ಮ ಇರತೀಯೇನು?”

ಹೀಗಾಗಿ ಕಾರಿನ ಹಳೆಯ ಎರಡನ್ನೇ ಹೊಸ ಇಂಜಿನ್ನಿಗೆ ಹಚ್ಚಿದ. ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಇಲ್ಲವಾದರೆ ಇಂಜಿನ್ ಸುಡುತ್ತದೆ.

ಒಂದು ದಿನ ಕಾಕು ಟ್ರಂಕು ಎತ್ತಿಕೊಂಡು ರಾಮದುರ್ಗದ ತವರಿಗೆ ಹೊರಟಳು. “ಇದರ ಜೋಡಿನ ಸಂಸಾರ ಮಾಡ್ರಿ. ಇದು ಓಡಿದ ದಿನ, ಇದರಾಗ ಬಂದು ನನ್ನ ಕರಕೊಂಡು ಹೋಗ್ರಿ.”

ಅದು ಚುಚ್ಚುಮಾತೆಂದು ಇಡೀ ಓಣಿಗೆ ತಿಳಿಯಿತು. ಕಾಕಾನಿಗೆ ಮಾತ್ರ ಅದು ಕರಾರುಪತ್ರ!

“ಬಸ್ಸಿನಾಗ ಹೋದ್ರ ಆಕಿ ಬಾಗಲಾ ತಗಿಯಂಗಿಲ್ಲೇನೋ?” ಎಂದು ಎದುರಿನ ಚಹಾದಂಗಡಿಯ ಅಜ್ಜ ಕೂಗಿ ಕೇಳಿದ.

“ಗಾಡ್ಯಾಗ ಬಾ ಅಂದಾಳ,” ಎಂದ ಕಾಕಾ.

ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಊರಿನವರನ್ನೆಲ್ಲ ಅಣಕಿಸುವುದೊಂದೇ ವಿದ್ಯೆಯಾಗಿದ್ದ ನಾನು ಆಗ ಕೆಲಸಕ್ಕೆ ಬಂದೆ. ರಬ್ಬರ್ ಪೈಪಿನ ಒಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ, ಇನ್ನೊಂದು ನನ್ನ ಕಿವಿಗೆ.

“ಎಡಗಡೇದು ಹೆಂಗ ಅನ್ನಾಕತ್ತೈತಿ? ಅಂದು ತೋರಸು.”

ನಾನು ಹಲ್ಲಿನ ಸಂದಿಯಿಂದ ‘ಸುಸ್’ ಎನ್ನುತ್ತಿದ್ದೆ. ಅವನು ಒಂದು ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದು, ಕಣ್ಣು ಮುಚ್ಚಿ, ಇನ್ನೊಂದು ಕೈಯಿಂದ ಸ್ಕ್ರೂ ತಿರುಗಿಸುತ್ತಿದ್ದ. “ಈಗ ಬಲಗಡೇದು.” ಈ ಅಂಗೈ ಪುರಾಣವನ್ನು ಚಹಾದಂಗಡಿಯಲ್ಲಿ ದಿನಾ ಆಡಿ ತೋರಿಸಿ ನಾನು ಪುಕ್ಕಟೆ ಚಹಾ ಕುಡಿದೆ. ಸ್ವಂತ ಕಾಕಾನನ್ನು ಅರ್ಧ ಕಪ್ಪಿಗೆ ಮಾರಿದವರು ಇನ್ನಾರಾದರೂ ಇದ್ದರೆ ಹೇಳಿ!

ಒಂದು ಸಂಜೆ ಕಿತ್ತೂರಿನಲ್ಲಿ ನಾಟಕವಿತ್ತು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಬಲಗಡೆಯದು ಇನ್ನೂ ಗೊರಗೊರ ಎನ್ನುತ್ತಿತ್ತು. ನಾನು ಎರಡಕ್ಕೂ ಒಂದೇ ‘ಸುಸ್’ ಅಂದುಬಿಟ್ಟೆ.

“ಕೂಡಿತಲ್ಲೋ ಜೋಡಿ,” ಎಂದು ಕಾಕಾ ನನ್ನ ಬೆನ್ನಿಗೆ ಕೊಟ್ಟ ಪೆಟ್ಟು ನಾಟಕ ಮುಗಿದರೂ ಉರಿಯುತ್ತಿತ್ತು.

ಮರುದಿನ ಇಸ್ತ್ರಿ ಮಾಡಿದ ಧೋತರ ಉಟ್ಟು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. “ಬರೋವಾಗ ನೀ ಬಸ್ಸಿಗೆ ಬಾ. ಆ ಜಾಗಾ ಆಕೀದು.”

ಮುರಗೋಡ ದಾಟುವ ತನಕ ಕಾರು ಹಾರಿತು. ಆಮೇಲೆ ಕೆಮ್ಮಿತು, ಹೊಗೆ ಉಗುಳಿತು. ಸವದತ್ತಿ ಕಡೆಯ ಏರಿನಲ್ಲಿ ಇಂಜಿನ್ ಸುಟ್ಟು ನಿಂತಿತು.

“ಕಾಕಾ, ಎರಡೂ ಒಂದ ಸಮ ಇರಲಿಲ್ಲ. ನಾ ಸುಳ್ಳ ಅಂದಿದ್ದೆ,” ಎಂದೆ ಮೆಲ್ಲಗೆ, ನೆಲ ನೋಡುತ್ತ.

“ಆಂ?” ಅಂಗೈ ನನ್ನ ಬಾಯಿಯ ಮುಂದೆ ಬಂತು. “ಮತ್ತೊಮ್ಮಿ ಅನ್ನು.”

ಆಗ ತಿಳಿಯಿತು. ಆ ಕಿವಿಗಳನ್ನು ಲಾರಿಗಳು ಯಾವತ್ತೋ ತಿಂದು ಹಾಕಿದ್ದವು. ಅವನು ಆ ‘ಸುಸ್’ ಅನ್ನು ಒಂದು ದಿನವೂ ಕೇಳಿರಲಿಲ್ಲ. ನನ್ನ ಉಸಿರನ್ನು ಅಂಗೈಯಲ್ಲಿ ಹಿಡಿದು ನಂಬಿದ್ದ. ಮತ್ತೊಮ್ಮೆ ಅನ್ನಲು ನನಗೆ ಧೈರ್ಯ ಬರಲಿಲ್ಲ.

“ಮಾರಿ ಯಾಕ ಸಣ್ಣದು ಮಾಡತಿ? ನಿನ್ನ ಕಿವಿ ಸುಳ್ಳ ಹೇಳಂಗಿಲ್ಲ,” ಎಂದ. “ನಾನ ಎಲ್ಲೋ ತಪ್ಪೇನಿ.”

ಎರಡೂ ಕಾರ್ಬ್ಯುರೇಟರುಗಳನ್ನು ಬಿಚ್ಚಿ, ಟಾವೆಲ್ಲಿನಲ್ಲಿ ಸುತ್ತಿಕೊಂಡು, ರಾಮದುರ್ಗದ ಬಸ್ಸಿಗೆ ಕೈ ಮಾಡಿದ. “ಗಾಡಿ ಬರಲಿಲ್ಲ. ಇವನ್ನರ ತೋರಸಬೇಕಲ್ಲ?”

ಕಾಕು ಬಾಗಿಲಲ್ಲೇ ನಿಂತು ಇಷ್ಟು ದಿನದ ಸಿಟ್ಟನ್ನೆಲ್ಲ ಸುರಿದಳು. ಕಾಕಾ ರೂಢಿಯಂತೆ ಅಂಗೈಯನ್ನು ಅವಳ ಬಾಯಿಯ ಮುಂದೆ ಹಿಡಿದ. ಅವಳು ಆ ಕೈಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ನನ್ನ ಕಿವಿ ಮುಟ್ಟಿ, ಕೇಳುವುದಿಲ್ಲವೆಂದು ತಲೆಯಾಡಿಸಿದೆ.

ಆ ಅಂಗೈಯೊಳಗೇ ಅವಳು ಕೂಗಿದಳು: “ಕಿವಿ ಇಷ್ಟ ಹೋಗಿದ್ದು ನನಗ ಯಾಕ ಹೇಳಲಿಲ್ರಿ?”

“ಗಾಡಿ ಸರಿಯಾದ ಮ್ಯಾಲ ಹೇಳೂಣಂತಿದ್ದೆ,” ಎಂದ ಕಾಕಾ.

ಕಾಕು ಆ ಟಾವೆಲ್ ಗಂಟನ್ನು ಅವನಿಂದ ಇಸಿದುಕೊಂಡು, ಗ್ರೀಸು ಸೀರೆಗೆ ಹತ್ತುವುದನ್ನೂ ನೋಡದೆ, ಒಳಗೆ ನಡೆದಳು.